ಸುಟ್ಟ ಕಾಡಿನ ಕಡತ: ಹುಣಸೆಬೀಜದ ಸರಿ ಕ್ಯಾಲ್ಗರಿಯಲ್ಲಿ ಕೊನೆಗೂ ನಿಂತಿತು

ಕಳೆದ ಫೆಬ್ರವರಿಯಲ್ಲಿ ಇಲ್ಲಿ, ಕೆನಡಾದ ಕ್ಯಾಲ್ಗರಿಯಲ್ಲಿ, ಚಿನೂಕ್ ಬೀಸಿತು, ಅಂದರೆ ಬೆಟ್ಟದಿಂದ ಇಳಿದು ಬರುವ ಒಣ ಬಿಸಿಗಾಳಿ. ರಾತ್ರಿ ಮಲಗುವಾಗ ಮೈನಸ್ 20ರ ಆಸುಪಾಸು ಇದ್ದದ್ದು, ಬೆಳಿಗ್ಗೆ ಏಳುವ ಹೊತ್ತಿಗೆ ಪ್ಲಸ್ 6. ಕ್ಯಾಲ್ಗರಿ ಜನಕ್ಕೆ ಚಿನೂಕ್ ಅಂದರೆ ಹಬ್ಬ. ನನಗೆ ಎದೆ ಡವಡವ. ಎದ್ದವಳೇ ಕಾಫಿಗೂ ಇಡದೆ ಬೇಸ್‌ಮೆಂಟಿಗೆ ಇಳಿದು ಕಡತ ಬಿಚ್ಚಿದೆ: ಹುಣಸೆಬೀಜದ ಸರಿಗೆ, ಅಂದರೆ ಗಂಜಿಯಂಥ ಅಂಟಿಗೆ, ಸುಟ್ಟ ಕಾಡಿನ ಇದ್ದಿಲು ಕಲಸಿ ಬಟ್ಟೆಗೆ ಬಳಿದು ಮಡಿಚಿದ ಕಪ್ಪು ಪುಸ್ತಕ. ಹನ್ನೊಂದು ಮಡಿಕೆ. ಟಾರ್ಚ್ ಹಿಡಿದು ಒಂದೊಂದೇ ಮಡಿಕೆಯ ಏಣು ನೋಡುತ್ತ ಹೋದೆ, ಹೆಬ್ಬೆರಳಲ್ಲಿ ಉಜ್ಜಿದೆ, ಮೂಗಿಗೆ ಹಿಡಿದು ಮೂಸಿದೆ. ಬಿರುಕಿಲ್ಲ. ಉದುರಿಲ್ಲ. ಬೂಷ್ಟಿನ ವಾಸನೆಯೂ ಇಲ್ಲ. ಬೆರಳಿಗೆ ತುಸು ಮಸಿ ಹತ್ತಿತು, ಅದು ಹತ್ತಲೇಬೇಕು. ಮೂರು ಚಳಿಗಾಲ ಹಾಳು ಮಾಡಿಕೊಂಡ ಮೇಲೆ ನೋಡಿದ ಮೊದಲ ಪೂರ್ತಿ ಕಡತ ಅದು. ಅಲ್ಲೇ ಮೆಟ್ಟಿಲ ಮೇಲೆ ಕೂತು ಫೋಟೊ ತೆಗೆದು, ‘ಆಗಲ್ಲ ಬಿಡು’ ಅಂದಿದ್ದವರಿಗೆಲ್ಲ ಕಳಿಸಿದೆ.

ಹಾಗಂದವರು ಒಬ್ಬಿಬ್ಬರಲ್ಲ. ದಾವಣಗೆರೆ ಕಲಾಶಾಲೆಯ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲರದೂ ಒಂದೇ ಮಾತು: “ಸರಿಗೆ ಹುಳ ಹಿಡಿಯುತ್ತೆ ಕಣೇ, ಪ್ಲಾಸ್ಟಿಕ್ಕಿನ ಅಂಟು ಅಕ್ರಿಲಿಕ್ ಬೈಂಡರ್ ಹಾಕು, ತಲೆನೋವು ಯಾಕೆ?” ಇಲ್ಲಿ ಹಳೆ ಕಾಗದಪತ್ರ ರಿಪೇರಿ ಮಾಡುವ ಒಬ್ಬಾಕೆ ನನ್ನ ಮೊದಲ ತುಂಡನ್ನು ಚಿಮಟಿಗೆಯಲ್ಲಿ ಎತ್ತಿ ನೋಡಿ, ಇದು ಐದು ವರ್ಷ ಬಾಳಿದರೆ ಹೆಚ್ಚು ಅಂದರು. ಬೆಂಗಳೂರಿನ ಗೆಳೆಯನೊಬ್ಬ, ಗ್ರಾವಿಕಿ ಲ್ಯಾಬ್ಸ್‌ನವರು ಗಾಡಿಗಳ ಹೊಗೆಯಿಂದ ಏರ್-ಇಂಕ್ ಅಂತ ಮಸಿ ಮಾಡಿದ್ದಾರಲ್ಲ, ಅದನ್ನೇ ತರಿಸಿಕೊ ಅಂದ. ಒಳ್ಳೆಯ ಮಸಿ, ಅನುಮಾನವಿಲ್ಲ. ಆದರೆ ನನಗೆ ಬೇಕಾಗಿದ್ದು ಡೀಸೆಲ್ ಹೊಗೆಯ ಕಪ್ಪಲ್ಲ. 2023ರ ಮೇ ತಿಂಗಳಲ್ಲಿ ನಮ್ಮ ಬೀದಿಯ ಕೊನೆಯ ಮನೆಯನ್ನೇ ಕಾಣದಂತೆ ಮಾಡಿತ್ತಲ್ಲ ಕಾಡಿನ ಹೊಗೆ, ಆ ಕಾಡಿನ ಕಪ್ಪು.

ನಾವು ಇಲ್ಲಿಗೆ ಬಂದದ್ದು 2012ರಲ್ಲಿ. ಮರುವರ್ಷ ಜೂನ್‌ನಲ್ಲೇ ಬೋ ಮತ್ತು ಎಲ್ಬೋ ಎರಡೂ ನದಿ ಉಕ್ಕಿ ಕ್ಯಾಲ್ಗರಿಯ ಪೇಟೆಗೆ ಪೇಟೆಯೇ ಖಾಲಿ ಮಾಡಬೇಕಾಯಿತು. ನಾನು ಹಿರಿಯೂರು ತಾಲೂಕಿನವಳು. ನೀರಿಗಾಗಿ ಕಾದ ನೆನಪು ಬೇಕಾದಷ್ಟಿದೆ, ನೀರಿಗೆ ಹೆದರಿ ಓಡಿದ್ದು ಅದೇ ಮೊದಲು. ಆಮೇಲೆ ಐದಾರು ವರ್ಷ ನೆರೆ, ಹೊಗೆ, ಹಿಮ ಅಂತ ದೊಡ್ಡ ದೊಡ್ಡ ಕ್ಯಾನ್‌ವಾಸ್ ಮಾಡಿದೆ, ಎಲ್ಲ ಅಕ್ರಿಲಿಕ್. ಒಂದು ದಿನ ಸಿಂಕಿನಲ್ಲಿ ಬ್ರಷ್ ತೊಳೆಯುತ್ತಿದ್ದಾಗ ಪ್ಲಾಸ್ಟಿಕ್ಕಿನ ನೀರು ಮೋರಿಗೆ ಇಳಿಯುವುದನ್ನು ನೋಡಿ ನನಗೇ ನಗು ಬಂತು. ಆ ಕ್ಯಾನ್‌ವಾಸುಗಳಲ್ಲಿ ಮಾರಾಟವಾದದ್ದು ಎರಡು. ಒಂದನ್ನು ಹಲ್ಲಿನ ಡಾಕ್ಟರೊಬ್ಬರು ಸೋಫಾದ ಬಣ್ಣಕ್ಕೆ ಹೊಂದುತ್ತದೆ ಅಂತ ತೆಗೆದುಕೊಂಡರು. ಹೊಟ್ಟೆಪಾಡಿಗೆ ಇಂದಿಗೂ ಬೆಳಗಿನ ಹೊತ್ತು ಫ್ರೇಮ್ ಅಂಗಡಿಯಲ್ಲಿ ಗಾಜು ಕೊಯ್ಯುತ್ತೇನೆ.

2019ರಲ್ಲಿ ಊರಿಗೆ ಹೋದಾಗ ಅಟ್ಟ ಗುಡಿಸುತ್ತಿದ್ದರು. ಟ್ರಂಕಿನ ತಳದಲ್ಲಿ ಮುತ್ತಜ್ಜನ ಅಂಗಡಿ ಲೆಕ್ಕದ ಕಡತ ಸಿಕ್ಕಿತು. ಆಫೀಸಿನಲ್ಲಿ ಟೇಬಲ್ಲಿಂದ ಟೇಬಲ್ಲಿಗೆ ತೆವಳುವ ಕಡತವಲ್ಲ, ಆ ಹೆಸರಿನ ಅಸಲು ವಸ್ತು: ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ವಿಭೂತಿ ಪಟ್ಟೆಯಂತೆ ಮಡಿಚಿ, ಬಳಪದಲ್ಲಿ ಬರೆಯುವಂಥದ್ದು. ಶೃಂಗೇರಿ ಮಠದಲ್ಲಿ ಇಂಥವನ್ನು ಜೋಪಾನ ಮಾಡಿದ್ದಾರೆ ಎಂದು ಓದಿದ್ದೆ, ಮುಟ್ಟಿ ನೋಡಿರಲಿಲ್ಲ. ಅಂಚನ್ನು ಇಲಿ ತಿಂದಿತ್ತು. ‘ಮೆಣಸಿನಕಾಯಿ’ ಅನ್ನುವ ಒಂದು ಪದ, ಅದರ ಮುಂದೆ ಯಾವುದೋ ಅಂಕಿ, ಇಷ್ಟೇ ಓದಲು ಬಂದದ್ದು. ಆದರೆ ಮಡಿಕೆಯ ಜಾಗದಲ್ಲಿ ಕಪ್ಪು ಹಾಗೇ ಇತ್ತು! ನೂರು ವರ್ಷ ಮಡಿಚಿ ಬಿಚ್ಚಿದ ಜಾಗ. ಅಕ್ರಿಲಿಕ್ ಬಳಿದ ಬಟ್ಟೆಯನ್ನು ಹಾಗೆ ಮಡಿಚಿ ಒಂದು ವಾರ ಬಿಡಿ ನೋಡೋಣ, ಮುಖಕ್ಕೆ ಮುಖ ಅಂಟಿಕೊಂಡು ಬಿಚ್ಚುವಾಗ ಚರ್ಮ ಸುಲಿದ ಹಾಗೆ ಬರುತ್ತದೆ. ನಾನು ಮಾಡಿ ನೋಡಿಯೇ ಹೇಳುತ್ತಿರುವುದು.

ಸರಿ ಕಾಯಿಸುವುದು ನಮಗೆ ಹೊಸದಲ್ಲ. ನಮ್ಮೂರ ಹಿಂದಿನ ಬೀದಿಯಲ್ಲಿ ಕಂಬಳಿ ನೇಯುವವರು ಮಗ್ಗದ ಹಾಸು ನೂಲಿಗೆ ಬಳಿಯುತ್ತಿದ್ದದ್ದು ಹುಣಸೆಬೀಜದ ಸರಿಯನ್ನೇ. ಆ ಹುಳಿ-ಕಮಟು ಮಿಶ್ರ ವಾಸನೆಯಲ್ಲೇ ನಾವು ಚೌಕಾಬಾರ ಆಡಿದ್ದು, ಅದಕ್ಕೂ ತೇಯ್ದ ಹುಣಸೆಬೀಜವೇ ಕವಡೆ.

ಮೊದಲು ಕಪ್ಪಿನ ಕಥೆ. ಹೊಗೆಯ ಮಸಿ ಬೇಕು, ಅದು ನಮ್ಮ ಮನೆಗಳನ್ನು ಬೆಚ್ಚಗಿಡುವ ಫರ್ನೇಸಿನ ಗಾಳಿ ಫಿಲ್ಟರಿನಲ್ಲೇ ಕೂತಿದೆ ಅಲ್ಲವೇ ಎಂದು 2023ರ ಮೇ ತಿಂಗಳಲ್ಲಿ ನನಗೆ ಮಹಾ ಬುದ್ಧಿ ಬಂತು. ಪರಿಚಯದ ಕನ್ನಡದ ಮನೆಗಳಿಗೆಲ್ಲ ‘ಫಿಲ್ಟರ್ ಬಿಸಾಡಬೇಡಿ, ನಾನೇ ಬಂದು ಒಯ್ಯುತ್ತೇನೆ’ ಎಂದು ಮೆಸೇಜ್ ಹಾಕಿದೆ. ಹದಿನಾಲ್ಕೋ ಹದಿನೈದೋ ಫಿಲ್ಟರ್ ಸಿಕ್ಕವು. ಗ್ಯಾರೇಜಿನಲ್ಲಿ ಕೂತು ಒಂದೊಂದನ್ನೇ ಬಡಿದೆ. ಬಂದದ್ದು ಕಪ್ಪಲ್ಲ, ಇಲಿಯ ಬಣ್ಣದ ಕಂದು. ಕಾಡು ಹೊಗೆಯಾಡುವಾಗ ಏಳುವುದರಲ್ಲಿ ಅಪ್ಪಟ ಕರಿ ಕಮ್ಮಿ, ಕಂದು ಜಿಡ್ಡೇ ಹೆಚ್ಚು ಎಂದು ತಿಳಿದದ್ದು ಆಮೇಲೆ. ಜೊತೆಗೆ ತಲೆಕೂದಲು, ನಾಯಿಕೂದಲು, ರಗ್ಗಿನ ಎಳೆ. ತೊಳೆಯಲು ನೀರಿಗೆ ಹಾಕಿದರೆ ಗ್ಯಾರೇಜೆಲ್ಲ ಇಂಗಿನ ಒಗ್ಗರಣೆ ವಾಸನೆ. ಹದಿನೈದು ಕನ್ನಡದ ಮನೆಗಳ ವರ್ಷದ ಅಡುಗೆ ಅಲ್ಲಿತ್ತು. ಅದನ್ನು ಬಿಸಾಡಲು ಮನಸ್ಸಾಗದೆ ಒಂದು ಬಾಟಲಿಯಲ್ಲಿ ತುಂಬಿಟ್ಟಿದ್ದೇನೆ. ಏನು ಮಾಡುವುದೋ ಗೊತ್ತಿಲ್ಲ.

ಹಾಗಾಗಿ ಸುಟ್ಟ ಮರದ ಹತ್ತಿರಕ್ಕೇ ಹೋಗಬೇಕಾಯಿತು. ಇಲ್ಲಿ ಒಂದು ಎಚ್ಚರಿಕೆ: ಬ್ಯಾನ್ಫ್, ಜಾಸ್ಪರ್, ಯೋಹೊ ಇಂಥ ರಾಷ್ಟ್ರೀಯ ಉದ್ಯಾನಗಳ ಒಳಗಿನಿಂದ ಒಂದು ಕಲ್ಲು, ಒಂದು ಪೈನ್ ಕಾಯಿ ಎತ್ತಿಕೊಂಡು ಬರುವುದೂ ಅಪರಾಧ. ಕಲೆಗೆ ಅಂದರೆ ಬಿಡುವುದಿಲ್ಲ, ಬಿಡಲೂ ಬಾರದು. 2023ರ ಆಗಸ್ಟಿನಲ್ಲಿ ಪಕ್ಕದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ವೆಸ್ಟ್ ಕೆಲೋನಾ ಮೇಲೆ ಮೆಕ್‌ಡೂಗಲ್ ಕ್ರೀಕ್ ಬೆಂಕಿ ಎರಗಿತ್ತು. ಅಲ್ಲಿ ಹಣ್ಣಿನ ತೋಟ ಇಟ್ಟುಕೊಂಡ ಪಂಜಾಬಿ ಕುಟುಂಬವೊಂದು ನಮ್ಮ ಅಂಗಡಿಯ ಗಿರಾಕಿಗೆ ನೆಂಟರು. ಅವರ ಸ್ವಂತ ಜಾಗದ ಅಂಚಿನಲ್ಲಿ ಹತ್ತಿಪ್ಪತ್ತು ಪಾಂಡರೋಸ ಪೈನ್ ಸುಟ್ಟು ನಿಂತಿದ್ದವು. 2024ರ ಮೇ ತಿಂಗಳಲ್ಲಿ, ಹೈವೇ ಹಿಮ ಕರಗಿದ ಮೇಲೆ, ಆರುನೂರು ಕಿಲೋಮೀಟರು ಹಳೇ ಹೋಂಡಾದಲ್ಲಿ ಹೋದೆವು. ತೋಟದ ಅಜ್ಜಿ ಮೊದಲು ಪರಾಠ ಹಾಕಿದರು, ಆಮೇಲೆ ಕೈಗೆ ಗುದ್ದಲಿ ಕೊಟ್ಟರು. ನಾನು ಬೇರೇನು ಒಯ್ಯುತ್ತೇನೋ ಅಂತ ಕಾದರು ಅನಿಸುತ್ತದೆ. ಆರು ಚೀಲ ಸುಟ್ಟ ತೊಗಟೆ ತುಂಬಿಕೊಂಡದ್ದು ನೋಡಿ ನಮ್ಮವರನ್ನು ಪಕ್ಕಕ್ಕೆ ಕರೆದು ಏನೋ ಕೇಳಿದರು. ಏನು ಕೇಳಿದರು ಅಂತ ಇವರು ಇವತ್ತಿಗೂ ಹೇಳಿಲ್ಲ.

ಅದೇ ದಾರಿಯಲ್ಲಿ ಗೋಲ್ಡನ್ ಊರು ಸಿಗುತ್ತದೆ. ಕಿಕಿಂಗ್ ಹಾರ್ಸ್ ನದಿ ಅಲ್ಲಿ ಕೊಲಂಬಿಯಾ ನದಿಗೆ ಸೇರುತ್ತದೆ. ಮೇಲಿನ ಹಿಮನದಿಗಳು ಬಂಡೆ ತೇಯ್ದು ಮಾಡಿದ ಹಿಟ್ಟನ್ನು ಹೊತ್ತು ತರುವ ನದಿ ಅದು, ಬೇಸಿಗೆ ಬಂದರೆ ನೀರು ಮಜ್ಜಿಗೆಯಂತೆ. ಉದ್ಯಾನದ ಗಡಿ ದಾಟಿದ ಮೇಲೆ ದಂಡೆಯಲ್ಲಿ ಕೂತ ಕೆಸರನ್ನು ಎರಡು ಪೇಂಟ್ ಡಬ್ಬದ ತುಂಬ ತಂದೆ. ಕಪ್ಪು ಒಂದು ಕಡೆಯಿಂದ, ಬಿಳಿ ಇನ್ನೊಂದು ಕಡೆಯಿಂದ, ಎರಡೂ ಒಂದೇ ಡಿಕ್ಕಿಯಲ್ಲಿ. ನನ್ನ ಕೆಲಸ ನೋಡಿದ ಕ್ಯುರೇಟರುಗಳು ತಪ್ಪದೆ ಕಲಾವಿದ ಓಲಾಫುರ್ ಎಲಿಯಾಸನ್ ಹೆಸರು ತೆಗೆಯುತ್ತಾರೆ. ಆತ ಗ್ರೀನ್‌ಲ್ಯಾಂಡಿನ ಮಂಜುಗಡ್ಡೆ ತರಿಸಿ 2015ರಲ್ಲಿ ಪ್ಯಾರಿಸ್ಸಿನ ಚೌಕದಲ್ಲಿ 12 ದಿಮ್ಮಿ ಕರಗಲು ಬಿಟ್ಟವರು. ನನ್ನದು ಎರಡು ಡಬ್ಬ ಕೆಸರು, ಅದರಲ್ಲೂ ಒಂದು ದಾರಿಯಲ್ಲಿ ಉರುಳಿ ಸೀಟು ಹಾಳಾಯಿತು.

ಇದ್ದಿಲು ಕುಟ್ಟಿ, ವಸ್ತ್ರಗಾಳ ಮಾಡಿ ಸರಿಗೆ ಕಲಸಿದರೆ ಆಯಿತು ಅಂದುಕೊಂಡಿದ್ದೆ. ಮೊದಲ ಮೂರು ಬಟ್ಟೆ ಒಣಗಿದ ಹತ್ತನೇ ದಿನಕ್ಕೆ ಮೈತುಂಬ ಬಿಳಿ ಹೂವು ಬಿಟ್ಟವು. ಬೂಷ್ಟು ಅಂದುಕೊಂಡು ಲವಂಗದೆಣ್ಣೆ ಸುರಿದೆ. ಬೂಷ್ಟಲ್ಲ, ಬೂದಿಯ ಕ್ಷಾರ. ಕಾಡಲ್ಲಿ ಸುಟ್ಟದ್ದರಲ್ಲಿ ಇದ್ದಿಲಿನ ಜೊತೆ ಬೂದಿ ಇದ್ದೇ ಇರುತ್ತದೆ, ಅದು ನೀರು ಹೀರಿ ಮೇಲೆ ಬಂದು ಹರಳುಗಟ್ಟುತ್ತದೆ. ಪಾತ್ರೆ ತಿಕ್ಕಲು ಬೂದಿ ಬಳಸಿದ ಮನೆಯಲ್ಲಿ ಹುಟ್ಟಿದವಳಿಗೆ ಇದು ಹೊಳೆಯಲಿಲ್ಲವಲ್ಲ! ಈಗ ಪುಡಿಯನ್ನು ಏಳೆಂಟು ನೀರಿನಲ್ಲಿ ತೊಳೆಯುತ್ತೇನೆ, ಕೊನೆಯ ಎರಡು ನೀರು ಮಳೆಯದ್ದೋ ಕರಗಿಸಿದ ಹಿಮದ್ದೋ, ಏಕೆಂದರೆ ನಮ್ಮ ನಲ್ಲಿ ನೀರೇ ಗಡಸು. ತೊಳೆದ ನೀರು ನಾಲಿಗೆಗೆ ಸಪ್ಪೆ ಅನ್ನಿಸಬೇಕು. ಪೈನಿನದ್ದು ರಾಳದ ಮರ, ಪುಡಿ ನೀರಿನ ಮೇಲೆ ತೇಲಿ ಮೊಂಡು ಹಿಡಿಯುತ್ತದೆ, ಆಗ ಔಷಧದಂಗಡಿಯ ಸ್ಪಿರಿಟ್ಟನ್ನು ಎರಡು ಚಮಚ ಚಿಮುಕಿಸಿದರೆ ತೆಪ್ಪಗೆ ಮುಳುಗುತ್ತದೆ. ಕುಟ್ಟುವಾಗ ಎನ್-95 ಕಟ್ಟಿಕೊಳ್ಳಿ. ಸುಟ್ಟ ಮನೆಗಳ ಇದ್ದಿಲನ್ನಂತೂ ಮುಟ್ಟಲೇಬೇಡಿ, ಅದರಲ್ಲಿ ಪ್ಲಾಸ್ಟಿಕ್ಕು, ಬಣ್ಣ, ಏನೇನೋ ಇರುತ್ತದೆ. 2024ರ ಜುಲೈನಲ್ಲಿ ಜಾಸ್ಪರ್ ಊರಿನ ಮೂರರಲ್ಲೊಂದು ಪಾಲು ಕಟ್ಟಡ ಸುಟ್ಟಾಗ, “ಅಕ್ಕ, ಅಲ್ಲಿಂದ ತಂದರೆ ಒಳ್ಳೆ ಹೆಸರು ಬರುತ್ತೆ” ಎಂದು ಒಬ್ಬ ಹುಡುಗ ಸಲಹೆ ಕೊಟ್ಟ. ಕಾನೂನು ಪಕ್ಕಕ್ಕಿರಲಿ, ಮನೆ ಕಳೆದುಕೊಂಡವರ ಬೂದಿಗೆ ಬ್ರಷ್ ಅದ್ದುವಷ್ಟು ಹಸಿವು ನನಗಿಲ್ಲ ಅಂದೆ.

ಇನ್ನು ಸರಿ. ಇದೇ ನನ್ನನ್ನು ಅಳಿಸಿದ್ದು. ಬೀಜಕ್ಕಾಗಿ ಮೊದಲು ಚೀನೀ ಅಂಗಡಿಯ ಥಾಯ್ ಸಿಹಿ ಹುಣಸೆ ಡಬ್ಬ ತಂದೆ. ಹಣ್ಣು ಮಕ್ಕಳಿಗೆ, ಬೀಜ ನನಗೆ. ಹನ್ನೆರಡನೇ ಡಬ್ಬದ ಹೊತ್ತಿಗೆ ಮಕ್ಕಳು ಹುಣಸೆ ಕಂಡರೆ ಓಡತೊಡಗಿದರು. ಆಮೇಲೆ ಅವ್ವನೇ ಹುರಿದು, ಕುಟ್ಟಿ, ಸಿಪ್ಪೆ ಕೇರಿ, ಮಿಲ್ಲಿನಲ್ಲಿ ಹಿಟ್ಟು ಮಾಡಿಸಿ, ಬರುವವರ ಕೈಲಿ ಎರಡೆರಡು ಕಿಲೋ ಕಳಿಸಿದಳು. “ಬೇಳೆ, ಸಾರಿನಪುಡಿ ಕೇಳೋದು ಬಿಟ್ಟು ಹುಣಸೆಬೀಜ ಕೇಳ್ತೀಯಲ್ಲವ್ವ, ಅಲ್ಲಿ ಎಲ್ಲಾ ಸುಖವಾಗಿದೀರ ತಾನೆ?” ಎಂದು ಫೋನಿನಲ್ಲಿ. ಒಮ್ಮೆ ವಿಮಾನ ನಿಲ್ದಾಣದಲ್ಲಿ ಡಿಕ್ಲೇರ್ ಮಾಡಿದ ಹಿಟ್ಟನ್ನು ಬಿಚ್ಚಿಸಿ ಮುಕ್ಕಾಲು ಗಂಟೆ ಕೂರಿಸಿದರು. ಗೋಂದು ಮಾಡಲು ಅಂದರೆ ನಂಬಿಕೆ ಬಾರದು. ಕೊನೆಗೆ ಫೋನಿನಲ್ಲಿ ಕಡತದ ಫೋಟೊ ತೋರಿಸಿದ ಮೇಲೆ ಬಿಟ್ಟರು.

ಸಿಪ್ಪೆ ಪೂರ್ತಿ ಹೋಗದಿದ್ದರೆ ಸರಿ ಕಾಚಿನ ಬಣ್ಣಕ್ಕೆ ತಿರುಗುತ್ತದೆ, ಕಪ್ಪಿನಲ್ಲಿ ಅದು ಮುಚ್ಚಿಹೋಗುತ್ತದೆ ಅಂದುಕೊಂಡು ಬಿಟ್ಟರೆ ಒಣಗಿದ ಮೇಲೆ ಕೆಂಪು ಛಾಯೆ ಹೊಡೆಯುತ್ತದೆ. ಹಿಟ್ಟನ್ನು ತಣ್ಣೀರಿನಲ್ಲೇ ಕದಡಬೇಕು, ಬಿಸಿ ನೀರಿಗೆ ಹಾಕಿದಿರೋ ಕಡುಬು. ಒಂದು ಲೋಟಕ್ಕೆ ಹದಿನಾಲ್ಕು ಹದಿನೈದು ಲೋಟ ನೀರು, ಮುಕ್ಕಾಲು ಗಂಟೆ ಸಣ್ಣ ಉರಿ, ಕೈ ಬಿಡದೆ ತಿರುವಬೇಕು. ರಾಗಿ ಅಂಬಲಿಯ ಹದಕ್ಕಿಂತ ತುಸು ತೆಳ್ಳಗೆ ಇರುವಾಗಲೇ ಇಳಿಸಿ, ಆರಿದರೆ ತಾನೇ ದಪ್ಪವಾಗುತ್ತದೆ.

ಇದು ಮೂರನೇ ದಿನಕ್ಕೆ ಹುಳಿಯುತ್ತದೆ, ಐದನೇ ದಿನಕ್ಕೆ ಹಸಿರು ತುಪ್ಪಟ. ಯೂಟ್ಯೂಬ್ ಪಂಡಿತರೊಬ್ಬರ ಮಾತು ಕೇಳಿ ಬೊರಾಕ್ಸ್ ಹಾಕಿದೆ, ಅದೇ ನಮ್ಮ ಅಕ್ಕಸಾಲಿಗರ ಬಿಳಿಗಾರ. ಚಮಚ ಹಾಕಿ ತಿರುಗಿಸುವಷ್ಟರಲ್ಲಿ ಇಡೀ ಪಾತ್ರೆ ಜೆಲ್ಲಿ! ಚಮಚ ಎತ್ತಿದರೆ ಎಂಟು ಲೀಟರ್ ಸರಿ ಒಟ್ಟಿಗೆ ಎದ್ದು ಬರುತ್ತಿತ್ತು, ಗೋಣಿಯಲ್ಲಿ ಕಟ್ಟಿದ ಕರುವಿನ ಹಾಗೆ ಅಲುಗುತ್ತಿತ್ತು. ಮಕ್ಕಳಿಗೆ ಆಟಕ್ಕಾಯಿತು. ಹುಣಸೆಬೀಜದ ಗೋಂದಿಗೂ ಬಿಳಿಗಾರಕ್ಕೂ ಆಗಿಬರುವುದಿಲ್ಲ, ಬರೆದಿಟ್ಟುಕೊಳ್ಳಿ. ಆಮೇಲೆ ಊರಿನ ಪುಸ್ತಕ ಬೈಂಡಿಂಗಿನವರು ಮೈದಾ ಅಂಟಿಗೆ ಹಾಕುವ ಮೈಲುತುತ್ತ ನೆನಪಾಯಿತು. ಅಳತೆ ಚಿಟಿಕೆಗಿಂತ ಕಡಿಮೆ, ಕೈಗವಸು ಕಡ್ಡಾಯ, ಅಡುಗೆ ಪಾತ್ರೆ ದೂರ. ಹುಳವೂ ಇಲ್ಲ, ಬೂಷ್ಟೂ ಇಲ್ಲ. ಲವಂಗದೆಣ್ಣೆ ಈಗ ವಾಸನೆಗಷ್ಟೇ ಹಾಕುತ್ತೇನೆ.

ಆದರೂ ಮೊದಲ ಚಳಿಗಾಲದಲ್ಲಿ ಎಲ್ಲ ಒಡೆಯಿತು. ಫರ್ನೇಸ್ ಓಡುವ ಮನೆಯೊಳಗಿನ ಗಾಳಿಯಲ್ಲಿ ತೇವ ಶೇ. 15 ಇದ್ದರೆ ಪುಣ್ಯ. ಊರಿನಲ್ಲಿ ನೂರು ವರ್ಷ ನಿಂತ ಸರಿ ಇಲ್ಲಿ ಬತ್ತಿದ ಕೆರೆಯ ಅಂಗಳದಂತೆ ಸೀಳುಬಿಟ್ಟಿತು. ನೋಡಲು ಚೆನ್ನಾಗಿತ್ತು, ನಿಜ ಹೇಳಬೇಕು. ‘ಬರಗಾಲ’ ಅಂತ ಹೆಸರಿಟ್ಟು ಮಾರಿಬಿಡೋಣ ಅನ್ನಿಸಿತು. ಆದರೆ ಗೋಡೆಗೆ ನೇತು ಹಾಕಿದ ಎರಡನೇ ವಾರಕ್ಕೆ ಕೆಳಗೆ ರಾಶಿ ಮಸಿ. ಗಮ್ ಅರೇಬಿಕ್ ಇನ್ನೂ ಕಡೆ, ಹಪ್ಪಳದಂತೆ ಎದ್ದಿತು. ಮೆತ್ತಗಿರಲಿ ಅಂತ ಗ್ಲಿಸರಿನ್ ಹಾಕಿದರೆ ಚಳಿಗಾಲಕ್ಕೆ ತೊಂದರೆಯಿಲ್ಲ, ಜುಲೈನಲ್ಲಿ ಬೆವರಿ ಅಂಟು. ಜೇನು ಹಾಕಿದರೆ ಇರುವೆ, ಅದೂ ಎರಡನೇ ಮಹಡಿಗೆ. ಈ ಮೂರರ ನಡುವೆ ಎರಡು ಚಳಿಗಾಲ ಹೋಯಿತು.

ಅರ್ಧ ಪರಿಹಾರ ಸಿಕ್ಕಿದ್ದು ಒಣಗಿಸುವುದರಲ್ಲಿ. ಇಲ್ಲಿ ಒಂದು ಕೋಟು ಮೂರು ಗಂಟೆಯಲ್ಲಿ ಒಣಗುತ್ತದೆ, ಅದೇ ತಪ್ಪು. ಈಗ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಚಪ್ಪರ ಕಟ್ಟಿ, ಒಳಗೆ ಒದ್ದೆ ಟವೆಲ್ ನೇತು ಹಾಕಿ, ಒಂದೊಂದು ಕೋಟಿಗೆ ಎರಡು ದಿನ ಕೊಡುತ್ತೇನೆ. ಐದು ಕೋಟು. ಮೂರನೆಯದು ಇನ್ನೂ ಹಸಿ-ಬಿಸಿ ಇರುವಾಗ ಗಾಜಿನ ಬಾಟಲಿಯಿಂದ ಉಜ್ಜಿ ನಯ ಮಾಡಬೇಕು, ಕಪ್ಪು ಆಗಲೇ ಎಳೆಯೊಳಗೆ ಇಳಿಯುವುದು. ಉಜ್ಜುವ ಸದ್ದೇ ಹೇಳುತ್ತದೆ: ಮೊದಲು ಚರಚರ, ಹದಕ್ಕೆ ಬಂದಾಗ ಸುಯ್ ಅಂತ ಜಾರುತ್ತದೆ. ಇನ್ನರ್ಧ ಪರಿಹಾರ ಗ್ಲಿಸರಿನ್ನಿನ ಬದಲಿಗೆ ಹಾಕುವ ಒಂದು ವಸ್ತು. ಎಲ್ಲರ ಅಡುಗೆಮನೆಯಲ್ಲೂ ಇದೆ, ಎರಡು ವರ್ಷ ನನ್ನ ಕಣ್ಣೆದುರೇ ಇತ್ತು. ಹೆಸರು ಹೇಳುವುದಿಲ್ಲ, ಕ್ಷಮಿಸಿ. ಮೊದಲ ಕೋಟಿನಲ್ಲಿ ಇದ್ದಿಲಿಗೂ ಸರಿಗೂ ಎಷ್ಟಕ್ಕೆಷ್ಟು ಅನ್ನುವುದನ್ನೂ ಹೇಳುವುದಿಲ್ಲ. ಅಷ್ಟಾದರೂ ನನ್ನ ಹತ್ತಿರ ಉಳಿಯಲಿ.

ಬಿಳಿಗೆ ಬರೋಣ. ಹಿಮನದಿಯ ಹಿಟ್ಟನ್ನು ಬಕೆಟ್ಟಿನಲ್ಲಿ ಕದಡಿ, ದಪ್ಪದ್ದು ಕೂರಲು ಒಂದು ನಿಮಿಷ ಬಿಟ್ಟು, ಮೇಲಿನ ಹಾಲನ್ನು ಬಗ್ಗಿಸಿ, ಎರಡು ಮೂರು ದಿನ ಬಿಟ್ಟರೆ ತಳದಲ್ಲಿ ಬೆಣ್ಣೆಯಂಥದ್ದು ಸಿಗುತ್ತದೆ. ಒಣಗಿದರೆ ಬರೀ ಬೂದುಬಣ್ಣ. ಆದರೆ ಕಪ್ಪಿನ ಮೇಲೆ ತೆಳ್ಳಗೆ ಎಳೆದಾಗ ನೀಲಿಗೆ ಹೊರಳುತ್ತದೆ. ಕಪ್ಪಿನ ಮೇಲೆ ತೆಳು ಬಿಳಿ ನೀಲಿ ಕಾಣುವುದು ನಿಮಗೆಲ್ಲ ಗೊತ್ತಿರುವುದೇ, ಆದರೂ ಹಿಮದ ಹಿಟ್ಟು ತಾನಾಗಿ ಹಿಮದ ಬಣ್ಣಕ್ಕೆ ತಿರುಗಿದಾಗ ಮೈ ಜುಮ್ಮೆಂದಿತು. ಗೆರೆಗೆ ಬಳಪವೇ ಬೇಕಿತ್ತು. ಊರಿನಿಂದ ತರಿಸುವ ಯೋಚನೆಯಲ್ಲಿದ್ದಾಗ ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಕಬ್ಬಿಣದ ಮೇಲೆ ಗುರುತು ಹಾಕುವ ಕಡ್ಡಿ ನೋಡಿದೆ. ಸೋಪ್‌ಸ್ಟೋನ್, ಅಂದರೆ ನಮ್ಮ ಬಳಪದ ಕಲ್ಲೇ! ಹತ್ತಾರು ಡಾಲರಿಗೆ ಒಂದು ಡಬ್ಬ. ಸ್ಲೇಟಿನ ಮೇಲೆ ಅ ಆ ತಿದ್ದಿದ ಕೈಗೆ ಅದನ್ನು ಹಿಡಿಯುವುದು ಹೇಳಿಕೊಡಬೇಕಿಲ್ಲ.

ಬರೆದದ್ದು ಏನು? ಜಾಸ್ಪರ್ ಉದ್ಯಾನದ ಅಥಾಬಾಸ್ಕಾ ಹಿಮನದಿಗೆ ನಡೆದು ಹೋಗುವ ದಾರಿಯಲ್ಲಿ, ಇಂಥ ವರ್ಷ ಹಿಮ ಇಲ್ಲಿಯವರೆಗೆ ಇತ್ತು ಎಂದು ಫಲಕ ನೆಟ್ಟಿದ್ದಾರೆ. ಒಂದೂಕಾಲು ಶತಮಾನದಲ್ಲಿ ಒಂದೂವರೆ ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. 1992ರ ಫಲಕದ ಬಳಿ ನಿಂತರೆ, ಆ ವರ್ಷ ನಾನು ಏಳನೇ ಕ್ಲಾಸು, ಹಿಮ ದೂರದಲ್ಲಿ ಕೊಳೆತ ಹತ್ತಿಯಂತೆ ಕಾಣುತ್ತದೆ. ಒಂದೊಂದು ಮಡಿಕೆಗೆ ಒಂದೊಂದು ಫಲಕದ ಅಂಚು ಬರೆದೆ. ಎದುರಿನ ಮಡಿಕೆಗಳಿಗೆ ನಮ್ಮ ಮಾರಿಕಣಿವೆಯ, ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟಿನ, ನೀರಿನ ಗೆರೆ. 130 ಅಡಿಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲೇ. ನಮ್ಮ ಅಜ್ಜಿ ಜೀವಮಾನವೆಲ್ಲ “ಕೋಡಿ ಬಿದ್ದ ವರ್ಷ” ಅಂತ ಅವರಿವರ ಬಾಯಿಂದ ಕೇಳಿದ್ದನ್ನೇ ಹೇಳುತ್ತಿದ್ದಳು. ಅವ್ವ ವೀಡಿಯೊ ಕಾಲ್ ಮಾಡಿ ನೀರು ಧುಮುಕುವುದು ತೋರಿಸಿ, ಖುಷಿಯೋ ದಿಗಿಲೋ ತಿಳಿಯದ ದನಿಯಲ್ಲಿ “ನೋಡವ್ವ, ಬಿತ್ತು” ಅಂದಳು. 2025ರ ಜನವರಿಯಲ್ಲಿ ಮತ್ತೆ ಬಿತ್ತು. ಆ ಗೆರೆ ಸೇರಿಸಲು ಕಡತಕ್ಕೆ ಇನ್ನೊಂದು ಮಡಿಕೆ ಹೊಲಿಯಬೇಕಾಯಿತು, ಹನ್ನೊಂದು ಆದದ್ದು ಹಾಗೆ. ಅಳಿಸಿ ಮತ್ತೆ ಬರೆಯಲು ಬರುವುದೇ ಕಡತದ ಗುಣ, ಕ್ಯಾನ್‌ವಾಸಿನಲ್ಲಿ ಈ ಸೌಲಭ್ಯ ಎಲ್ಲಿ?

ನಡುವೆ ದಾರಿ ತಪ್ಪಿದ್ದೂ ಉಂಟು. 2024ರ ಆಗಸ್ಟ್ 5ರ ಸಂಜೆ ನಾಲ್ಕನೇ ಕೋಟು ಬಳಿದ ಹಸಿ ಬಟ್ಟೆ ಹಿತ್ತಲ ಮೇಜಿನ ಮೇಲಿತ್ತು. ಆಲಿಕಲ್ಲು ಶುರುವಾಯಿತು. ಬಟ್ಟೆ ಒಳಗೆ ತರಲು ಸೈಕಲ್ ಹೆಲ್ಮೆಟ್ ಹಾಕಿಕೊಂಡು ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟೆ. ನಿಂಬೆಹಣ್ಣಿನ ಗಾತ್ರದ ಒಂದೊಂದು ಕಲ್ಲೂ ಕಪ್ಪಿನ ಮೇಲೆ ಬಿದ್ದು ಚಿಮ್ಮಿ ಸೇವಂತಿಗೆಯಂತೆ ಗುರುತು ಬಿಡುತ್ತಿತ್ತು. ನಡುವೆ ಬಟ್ಟೆಯ ಬಿಳಿ, ಸುತ್ತ ಕಪ್ಪಿನ ಎಸಳು, ಕರಗಿದ ಮೇಲೆ ಅದರಿಂದ ಕೆಳಕ್ಕೆ ಒಂದು ಎಳೆ. ಹತ್ತೇ ನಿಮಿಷ. ಮನೆಯ ಉತ್ತರದ ಗೋಡೆಯ ಸೈಡಿಂಗ್, ಅಂದರೆ ಹೊರಹೊದಿಕೆ, ಜರಡಿಯಾಯಿತು, ಕಾರಿನ ಗಾಜು ಹೋಯಿತು. ಆ ದಿನದ ಮಳೆಗೆ ಊರಲ್ಲಿ ವಿಮೆಯವರು ಕಟ್ಟಿದ್ದು ಸುಮಾರು 300 ಕೋಟಿ ಡಾಲರ್, ನಮ್ಮ ಪಾಲಿಗೆ ಕೈಯಿಂದ ಹೋದದ್ದು ಎರಡೂವರೆ ಸಾವಿರ. ಆ ಬಟ್ಟೆ ಮಾತ್ರ ನನ್ನ ಕೈಯಲ್ಲಿ ಎಂದೂ ಆಗದಂಥ ಚಿತ್ರ. ಮುಂದಿನ ಬೇಸಿಗೆಯೆಲ್ಲ ಮೋಡ ಕಂಡಾಗಲೆಲ್ಲ ಹಸಿ ಬಟ್ಟೆ ಹಾಸಿ ಕಾದೆ. ಬರೀ ಮಳೆ ಬಂದು ತೊಳೆದುಕೊಂಡು ಹೋಯಿತು. “ಆಲಿಕಲ್ಲು ಬೀಳಲಪ್ಪ ಅಂತ ಬೇಡೋ ಹೆಂಗಸು ಊರಲ್ಲಿ ನೀನೊಬ್ಬಳೇ” ಎಂದು ನಮ್ಮವರು.

ಕನೋಲ ಎಣ್ಣೆಯ ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿದದ್ದು ಇನ್ನೊಂದು ಹುಚ್ಚು. ಆಲ್ಬರ್ಟಾದ ಹೊಲದ ಎಣ್ಣೆಯಲ್ಲವೇ ಅಂತ. ಹರಳೆಣ್ಣೆಯ ಕಾಡಿಗೆಯ ಮುಂದೆ ಅದು ಸಪ್ಪೆ, ರಾತ್ರಿಯಿಡೀ ಉರಿಸಿದರೆ ಅರ್ಧ ಚಮಚ, ಸ್ಮೋಕ್ ಅಲಾರಂ ಎರಡು ಸಲ.

ದುಡ್ಡಿನ ಲೆಕ್ಕ ಕೇಳುತ್ತೀರಿ ಅಂತ ಗೊತ್ತು. ನೆನಪಿನಿಂದಲೇ ಹೇಳುತ್ತೇನೆ. ಕೋರಾ ಬಟ್ಟೆ ಮೂರು ವರ್ಷಕ್ಕೆ 400 ಡಾಲರ್ ಇರಬಹುದು. ಕೆಲೋನಾ ಎರಡು ಸಲ, ಪೆಟ್ರೋಲು, ಮೋಟೆಲು ಸೇರಿ 1,300. ಹ್ಯೂಮಿಡಿಫೈಯರ್ 200, ಹಾಳಾದ ಪಾತ್ರೆ, ಗ್ಲಿಸರಿನ್, ಜರಡಿ, ಹಾಳುಮೂಳು 500. ಸೀಟು ತೊಳೆಸಿದ್ದು 160, ಅದು ಚೆನ್ನಾಗಿ ನೆನಪಿದೆ. ಬೇಸ್‌ಮೆಂಟಿನ ಬಾಡಿಗೆ ಹಾಕಿಕೊಂಡಿಲ್ಲ, ನನ್ನ ಕೂಲಿಯನ್ನಂತೂ ಹಾಕಲೇಬಾರದು. ಅನುದಾನಕ್ಕೆ ಮೂರು ಸಲ ಅರ್ಜಿ ಹಾಕಿದೆ, ಮೂರು ಸಲವೂ ‘ಇಲ್ಲ’. ಒಮ್ಮೆ ಬಂದ ಷರಾದಲ್ಲಿ ಅಂಟು ಸ್ಥಳೀಯವಾದದ್ದಲ್ಲ ಎಂಬ ಆಕ್ಷೇಪ ಇತ್ತು. ನಾನೂ ಸ್ಥಳೀಯಳಲ್ಲ, ಆದರೂ ಹಿಡಿದುಕೊಂಡು ನಿಂತಿದ್ದೇನೆ ಅಂತ ಬರೆಯೋಣ ಅನ್ನಿಸಿತು, ಬರೆಯಲಿಲ್ಲ. ನಾಲ್ಕನೇ ಸಲ ಬೇರೆ ಕಡೆ ಕೇಳಿದ್ದರ ಅರ್ಧ, 6,000 ಚಿಲ್ಲರೆ ಬಂತು. ಇದುವರೆಗೆ ನಾಲ್ಕು ಕಡತ ಹೋಗಿವೆ, 1,400ರಿಂದ 2,600ರ ತನಕ, ಅದರಲ್ಲಿ ಗ್ಯಾಲರಿಗೆ ಅರ್ಧ. ಗಂಟೆಗೆ ಹಂಚಿದರೆ ಫ್ರೇಮ್ ಅಂಗಡಿಯ ಕೂಲಿಯ ಕಾಲು ಭಾಗವೂ ಬೀಳುವುದಿಲ್ಲ. ಆದರೆ ಈ ಸಲ ಕೊಂಡವರು ಯಾರೂ ಸೋಫಾದ ಬಣ್ಣ ಕೇಳಲಿಲ್ಲ.

ಮೊದಲ ಪ್ರದರ್ಶನದಲ್ಲಿ ಗಾಜು ಹಾಕಬೇಕೆಂದು ಗ್ಯಾಲರಿಯವರ ಹಟ. ದಿನವಿಡೀ ಗಾಜು ಕೊಯ್ಯುವವಳು ನಾನು, ನನ್ನದಕ್ಕೇ ಬೇಡ ಅಂದೆ. ಮಡಿಕೆ ಬಿಚ್ಚಿ ಬೆಂಚಿನ ಮೇಲೆ ಹಾಸಿ, ಪಕ್ಕದಲ್ಲಿ ಒಂದು ತುಂಡು ಖಾಲಿ ಕಪ್ಪು ಬಟ್ಟೆ, ನಾಲ್ಕು ಬಳಪ ಇಟ್ಟೆ. ಎಲ್ಲರೂ ಅದರ ಮೇಲೆ ಗೀಚಿದರು. ಐದಾರು ವರ್ಷದ ಹುಡುಗನೊಬ್ಬ ಖಾಲಿ ತುಂಡು ಬಿಟ್ಟು ಸೀದಾ ಕಡತದ ಮೇಲೇ, 1992ರ ಗೆರೆಯನ್ನು ಅಂಗೈಯಲ್ಲಿ ಒರೆಸಿಬಿಟ್ಟ. ಅವನ ತಾಯಿ ಕಂಗಾಲಾಗಿ ಮೂರು ಸಲ ಕ್ಷಮೆ ಕೇಳಿದರು. ಅವನ ಅಂಗೈ ಕರ್ರಗೆ, ಅದನ್ನು ಬಿಳಿ ಗೋಡೆಗೆ ಒತ್ತಿ ನೋಡಿದ, ಐದೂ ಬೆರಳು ಅಚ್ಚಾಯಿತು. ಗೆರೆಯನ್ನು ಎರಡು ನಿಮಿಷದಲ್ಲಿ ಮತ್ತೆ ಬರೆದೆ. ಗೋಡೆಗೆ ಸುಣ್ಣ ಹೊಡೆಸಿದ ಖರ್ಚು ಗ್ಯಾಲರಿಯವರು ನನ್ನ ಲೆಕ್ಕಕ್ಕೇ ಹಾಕಿದರು, 220 ಡಾಲರ್.

ಈಗ ಐದನೆಯದರ ಎರಡನೇ ಕೋಟು ಚಪ್ಪರದೊಳಗೆ ಒಣಗುತ್ತಿದೆ. ಟವೆಲ್ ಮತ್ತೆ ಒದ್ದೆ ಮಾಡಬೇಕು. ಹಿಟ್ಟು ಮುಗಿಯುತ್ತ ಬಂತು, ಮುಂದಿನ ತಿಂಗಳು ಬೆಂಗಳೂರಿನಿಂದ ಕ್ಯಾಲ್ಗರಿಗೆ ಬರುವವರ ಸೂಟ್‌ಕೇಸಿನಲ್ಲಿ ಎರಡು ಕಿಲೋ ಜಾಗ ಇದ್ದರೆ ತಿಳಿಸಿ, ಅವ್ವ ಕುಟ್ಟಿ ಇಟ್ಟಿದ್ದಾಳೆ.